ಕೂಡಿದಾಗಲೂ ಒಡೆದಾಗಲೂ ಗಂಟುಮೂಟೆ

ಬಳ್ಳಾರಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಗುಂತಕಲ್, ನಂದ್ಯಾಲ, ಗುಂಟೂರು ದಾಟಿ ವಿಜಯವಾಡಕ್ಕೆ ಹೋಗುತ್ತದೆ. ಈ ಊರುಗಳೆಲ್ಲ 1953ರವರೆಗೆ ಮದ್ರಾಸಿನ ಆಳ್ವಿಕೆಯಲ್ಲಿದ್ದವು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬೀಗರು ಆ ಕಡೆ, ತವರು ಈ ಕಡೆ ಎಂಬಂಥ ಮನೆಗಳು ಈ ಗಡಿಸೀಮೆಯಲ್ಲಿ ಇಂದಿಗೂ ಬೇಕಾದಷ್ಟಿವೆ.

ಮೂರು ವರ್ಷದ ಮೇಲೆ, 1956ರ ನವೆಂಬರ್ 1ರಂದು, ನಿಜಾಮನ ಹೈದರಾಬಾದು ಮೂರು ಪಾಲಾಯಿತು. ಬೀದರ, ಕಲಬುರಗಿ, ರಾಯಚೂರು ನಮಗೆ ಬಂದವು, ಮರಾಠವಾಡ ಮುಂಬಯಿಗೆ ಹೋಯಿತು, ತೆಲಂಗಾಣ ಆಂಧ್ರವನ್ನು ಕೂಡಿತು. ಒಂದೇ ಭಾಷೆಯ ಜನ ಒಂದೇ ಸೂರಿನಡಿ ಬಂದರು. ಆ ಕೂಡುವಿಕೆ ಸುಮಾರು 58 ವರ್ಷ ಬಾಳಿ, 2014ರ ಜೂನ್ 2ರಂದು ತೆಲಂಗಾಣ ಬೇರೆಯಾಗಿ ಮುರಿಯಿತು. ಅದು ಸಾಮಾನ್ಯರ ಮನೆಯೊಳಗೆ ಏನು ಮಾಡಿಹೋಯಿತು ಎಂದು ಕೇಳಿಕೊಂಡೇ ನಾನು ಈ ಪ್ರಯಾಣ ಹೊರಟದ್ದು.

ವಿಜಯವಾಡದ ಬೆಳಗು ಪ್ರಕಾಶಂ ಬ್ಯಾರೇಜಿನ ಮೇಲೆ ಚೆಂದ. ಒಂದು ಬದಿಗೆ ಕನಕದುರ್ಗೆಯ ಇಂದ್ರಕೀಲಾದ್ರಿ, ಕೆಳಗೆ ಕೃಷ್ಣೆ. 1855ರ ಹಳೆಯ ಅಣೆಕಟ್ಟು ಒಡೆದ ಮೇಲೆ ಕಟ್ಟಿದ ಈ ಬ್ಯಾರೇಜಿಗೆ ಆಂಧ್ರದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಹೆಸರು. ಇಲ್ಲಿಂದ ಕಾಲುವೆಗಿಳಿಯುವ ನೀರು ಮೇಲಿನ ನಾಗಾರ್ಜುನಸಾಗರವನ್ನು ನಂಬಿಕೊಂಡಿದೆ. ಸಾಗರಕ್ಕೆ 1955ರ ಡಿಸೆಂಬರಿನಲ್ಲಿ ನೆಹರೂ ಅಡಿಗಲ್ಲು ಇಟ್ಟಾಗ ಒಂದು ದಡ ಆಂಧ್ರದ್ದು, ಇನ್ನೊಂದು ಹೈದರಾಬಾದಿನದು. ಮರುವರ್ಷವೇ ಎರಡೂ ದಡಕ್ಕೆ ಒಂದೇ ಸರ್ಕಾರವಾಯಿತು. ಈಗ ಮತ್ತೆ ಎರಡು. 2023ರ ನವೆಂಬರ್ 30ರಂದು, ತೆಲಂಗಾಣದಲ್ಲಿ ಮತದಾನ ನಡೆದ ದಿನ, ಆಂಧ್ರದ ಪೊಲೀಸರು ಅಣೆಕಟ್ಟಿನ ಅರ್ಧ ಗೇಟುಗಳನ್ನು ವಶಕ್ಕೆ ತೆಗೆದುಕೊಂಡರು. ಡೆಲ್ಟಾದ ರೈತನಿಗೆ ರಾಜ್ಯ ಒಡೆದದ್ದರ ಅರ್ಥ ಕಾಲುವೆಯಲ್ಲೇ ತಿಳಿಯುತ್ತದೆ.

ಬ್ಯಾರೇಜಿನ ಮೇಲೆ ವಾಯುವಿಹಾರಕ್ಕೆ ಬಂದಿದ್ದ ಸಚಿವಾಲಯದ ನೌಕರರೊಬ್ಬರು ಮಾತಿಗೆ ಸಿಕ್ಕರು. ಅವರ ತಂದೆ ಮದ್ರಾಸಿನಲ್ಲಿ ಗುಮಾಸ್ತರು. 1953ರಲ್ಲಿ ರಾಜಧಾನಿ ಕರ್ನೂಲಿಗೆ ಬಂದಾಗ ಅವರೂ ಬಂದರು. ಕಟ್ಟಡ ಸಾಲದೆ ಡೇರೆಗಳಲ್ಲಿ ಕಚೇರಿ ನಡೆದ ಕಾಲ ಅದು. ಮೂರೇ ವರ್ಷಕ್ಕೆ ಮತ್ತೆ ಪೆಟ್ಟಿಗೆ ಕಟ್ಟಿ ಹೈದರಾಬಾದು. ಮಗ ಹುಟ್ಟಿದ್ದು, ಓದಿದ್ದು, ಮನೆ ಕಟ್ಟಿಸಿದ್ದು ಎಲ್ಲ ಅಲ್ಲೇ. 2016ರಲ್ಲಿ ಆಂಧ್ರದ ಸಚಿವಾಲಯ ವಿಜಯವಾಡದ ಬಳಿಯ ವೆಲಗಪೂಡಿಗೆ ಬಂದಾಗ ಗಂಟುಮೂಟೆ ಕಟ್ಟುವ ಸರದಿ ಮಗನದು.

“ನೋಡಿ ಸಾರ್, ಅಲ್ಲಿದ್ದಾಗ ನಮ್ಮನ್ನು ಆಂಧ್ರದವರು ಅಂದರು. ಇಲ್ಲಿಗೆ ಬಂದರೆ ಹೈದರಾಬಾದಿನವರು ಅಂತಾರೆ” ಎಂದರು.

ಇಂಥವರು ವಾರದ ಕೊನೆಗೆ ಮನೆ ಮುಟ್ಟಲೆಂದು ಸರ್ಕಾರ ವಾರಕ್ಕೆ ಐದೇ ದಿನದ ಕೆಲಸ ಗೊತ್ತುಮಾಡಿತು. ವಿಜಯವಾಡಕ್ಕೂ ಹೈದರಾಬಾದಿಗೂ ನಡುವೆ ಹೊಸ ಇಂಟರ್‌ಸಿಟಿ ರೈಲು ಬಂತು. ಮಕ್ಕಳ ಗತಿ ಇನ್ನೂ ತೊಡಕಿನದು. ಕಾಲೇಜು ಸೀಟಿಗೂ ನೌಕರಿಗೂ ‘ಲೋಕಲ್’ ಎನ್ನಿಸಿಕೊಳ್ಳಬೇಕು. ತೆಲಂಗಾಣದಿಂದ ನಿಗದಿತ ಗಡುವಿನೊಳಗೆ ವಲಸೆ ಬಂದವರನ್ನು ಸ್ಥಳೀಯರೆಂದು ಪರಿಗಣಿಸಲು ರಾಷ್ಟ್ರಪತಿಗಳ ಆದೇಶವನ್ನೇ ತಿದ್ದಬೇಕಾಯಿತು. ವಿದ್ಯುತ್ ಕಂಪನಿಗಳ 1,157 ನೌಕರರ ಪಾಡಂತೂ ಕೇಳುವುದೇ ಬೇಡ. 2015ರಲ್ಲಿ ಅವರನ್ನು ಆಂಧ್ರದವರೆಂದು ತೆಲಂಗಾಣ ಬಿಡುಗಡೆ ಮಾಡಿತು. ವ್ಯಾಜ್ಯ ಹತ್ತಿ, 2018ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿಯನ್ನು ನೇಮಿಸಬೇಕಾಯಿತು.

ವಿಜಯವಾಡದಿಂದ ರತ್ನಾಚಲ್ ಎಕ್ಸ್‌ಪ್ರೆಸ್ ಗೋದಾವರಿ ದಾಟಿಸಿ ವಿಶಾಖಪಟ್ಟಣಕ್ಕೆ ತಂದು ಬಿಡುತ್ತದೆ. ಈ ಎರಡು ಊರುಗಳ ನಂಟು ಹಳೆಯದು: ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ವಿಜಯವಾಡದಲ್ಲಿ ಶುರುವಾಗಿ, ಆಮೇಲೆ ಇಲ್ಲಿನ ವಾಲ್ಟೇರಿಗೆ ಬಂದದ್ದು. ಆದರೆ ಕೂಡಿದ ಆಂಧ್ರದ ಕತೆ ಕೇಳಬೇಕೆಂದರೆ ಉಕ್ಕಿನ ಕಾರ್ಖಾನೆಯ ಬಳಿಯ ಕೂರ್ಮನ್ನಪಾಲೆಂಗೇ ಹೋಗಬೇಕು.

“ವಿಶಾಖ ಉಕ್ಕು, ಆಂಧ್ರುಲ ಹಕ್ಕು” ಎಂಬ ಕೂಗು ಎದ್ದದ್ದು 1966ರಲ್ಲಿ. ಕಾರ್ಖಾನೆ ಇಲ್ಲಿಗೇ ಬೇಕೆಂದು ಅಮೃತರಾವ್ ಎಂಬ ಹೋರಾಟಗಾರರು ಉಪವಾಸ ಕೂತರು. ನವೆಂಬರ್ 1ರಂದು, ರಾಜ್ಯಕ್ಕೆ ಸರಿಯಾಗಿ ಹತ್ತು ತುಂಬಿದ ದಿನ, ಇಲ್ಲಿ ಗೋಲಿಬಾರ್ ಆಯಿತು. ರಾಜ್ಯದ ಉದ್ದಗಲಕ್ಕೂ 32 ಮಂದಿ ಪ್ರಾಣ ತೆತ್ತರೆಂದು ಕಾರ್ಮಿಕ ಸಂಘಗಳು ಈಗಲೂ ನೆನೆಯುತ್ತವೆ. 1971ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು, 1992ರಲ್ಲಿ ಪಿ.ವಿ. ನರಸಿಂಹರಾವ್ ಕಾರ್ಖಾನೆಯನ್ನು ದೇಶಕ್ಕೆ ಅರ್ಪಿಸಿದರು. ಅದಕ್ಕಾಗಿ ಹಳ್ಳಿಗಳೇ ಎದ್ದುಹೋದವು. ಭೂಮಿ ಕೊಟ್ಟವರ ಕೈಗೆ ಬಂದದ್ದು ನೌಕರಿಯ ಭರವಸೆಯ ‘ಆರ್ ಕಾರ್ಡ್’. ಆ ಕಾರ್ಡನ್ನು ಮೊಮ್ಮಕ್ಕಳಿಗೆ ದಾಟಿಸಿದ, ನೌಕರಿ ಮಾತ್ರ ಕಾಣದ ಮನೆಗಳಿವೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಯ ಖಾಸಗೀಕರಣಕ್ಕೆ ಒಪ್ಪಿಗೆ ಕೊಟ್ಟಾಗ ಕೂರ್ಮನ್ನಪಾಲೆಂನಲ್ಲಿ ಶಿಬಿರ ಎದ್ದಿತು, ಹಳೆಯ ಕೂಗು ಮತ್ತೆ ಕೇಳಿಸಿತು.

ಕೂಡಿದ ರಾಜ್ಯ ಒಂದೇ ದನಿಯಲ್ಲಿ ಮಾತಾಡಿದ್ದು ಆ ಉಕ್ಕಿನ ಚಳವಳಿಯಲ್ಲಿ ಎಂದು ನನಗನ್ನಿಸುತ್ತದೆ. ಮೂರೇ ವರ್ಷಕ್ಕೆ ತೆಲಂಗಾಣ ಹೊತ್ತಿಕೊಂಡಿತು. ಮದ್ರಾಸಿನ ಇಂಗ್ಲಿಷ್ ಓದಿ ಬಂದ ಕರಾವಳಿಯ ಹುಡುಗರ ಮುಂದೆ ಉರ್ದುವಿನಲ್ಲಿ ಓದಿದ ಅಲ್ಲಿನವರು ನೌಕರಿಯಲ್ಲಿ ಹಿಂದೆ ಬಿದ್ದಿದ್ದರು. ಅವರ ಪಾಲನ್ನು ಕಾಯುತ್ತೇವೆಂದು 1956ರ ಫೆಬ್ರವರಿಯಲ್ಲಿ ನಾಯಕರು ಮಾಡಿಕೊಂಡ ‘ಜೆಂಟಲ್‌ಮನ್ಸ್ ಒಪ್ಪಂದ’ ಕಾಗದದಲ್ಲೇ ಉಳಿದಿತ್ತು. ಇತ್ತ, ಹೈದರಾಬಾದ್ ಸೀಮೆಯಲ್ಲಿ 15 ವರ್ಷ ನೆಲೆಸಿದವರಿಗೇ ನೌಕರಿ ಎನ್ನುವ ನಿಜಾಮನ ಕಾಲದ ಮುಲ್ಕಿ ನಿಯಮವನ್ನು 1972ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ, ‘ಜೈ ಆಂಧ್ರ’ ಎಂದು ಬೀದಿಗಿಳಿದದ್ದು ವಿಜಯವಾಡ ಮತ್ತು ವಿಶಾಖಪಟ್ಟಣ. ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರಿನಲ್ಲಿ ಉಪವಾಸದಿಂದ ತೀರಿಕೊಂಡಾಗ ತೆಲುಗರ ರಾಜ್ಯ ಬೇಕೆಂದು ಅತ್ತಿದ್ದ ಇದೇ ಕರಾವಳಿ, ಇಪ್ಪತ್ತು ವರ್ಷಕ್ಕೆ ಬೇರೆಯಾಗಬೇಕೆಂದು ಹಟ ಹಿಡಿಯಿತು.

ಕೂಡುವುದರ ಕಷ್ಟ ಆಂಧ್ರಕ್ಕೆ ಮಾತ್ರ ಬಂದದ್ದಲ್ಲ. ಜರ್ಮನಿ 1990ರಲ್ಲಿ ಒಂದಾದಾಗ ಆ ಖರ್ಚಿಗೆಂದು ಮರುವರ್ಷವೇ ಹೆಚ್ಚುವರಿ ತೆರಿಗೆ ಹಾಕಿತು. ಅಲ್ಲೂ ಪೂರ್ವದವರ ಕಾರ್ಖಾನೆಗಳು ಮುಚ್ಚಿದವು, ಕಹಿ ಉಳಿಯಿತು. ಆದರೂ ಕೂಡುವುದಕ್ಕೆ ಬೆಲೆ ತೆರಬೇಕೆಂದು ಕಾನೂನಿನಲ್ಲೇ ಒಪ್ಪಿಕೊಂಡರು. ಆಂಧ್ರದಲ್ಲಿ ಅಂಥ ಬಂದೋಬಸ್ತು ಆದದ್ದು ಎರಡೂ ಕಡೆ ಬೆಂಕಿ ಬಿದ್ದ ಮೇಲೆ: 1973ರ ಆರು ಸೂತ್ರ, ನೌಕರಿ ಮತ್ತು ಸೀಟಿನಲ್ಲಿ ಸ್ಥಳೀಯರ ಪಾಲು ಕಾಯುವ ಸಂವಿಧಾನದ 371ಡಿ ವಿಧಿ. ತಡವಾಗಿತ್ತು.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ಅಂಥದೇ ವಿಧಿ, 371ಜೆ, ಬಂದದ್ದು ಏಕೀಕರಣವಾಗಿ 56 ವರ್ಷದ ಮೇಲೆ, 2012ರ ತಿದ್ದುಪಡಿಯಿಂದ. ನೌಕರಿ, ಸೀಟು, ಅನುದಾನ ಮೂರನ್ನೂ ಅದು ಹೆಸರಿಸುತ್ತದೆ. ಅಲ್ಲಿ ಖಾಲಿ ಬಿದ್ದ ಪ್ರತಿ ಶಿಕ್ಷಕರ ಹುದ್ದೆಯನ್ನೂ ಸರ್ಕಾರ ತುಂಬಲಿ. ಬೀದರ, ಕಲಬುರಗಿಯ ಹುಡುಗರು ಅದನ್ನು ಕೇಳಿದಾಗ ಬೆಂಗಳೂರು, ಮೈಸೂರಿನ ನಾವು ಅವರ ಜೊತೆ ನಿಂತು ಕೇಳೋಣ.