ಕೇಳದೆ ಬಂದ ವಿಜೆಟ್ಟು

ಧಾರೂರು, ತಾಂಡೂರು, ಜಹೀರಾಬಾದ್ ಕಡೆಯ ಡಿಟಿಪಿ ಅಂಗಡಿ ಅಂದರೆ ಒಂದೇ ಕಂಪ್ಯೂಟರು, ಕೆಲಸ ಎರಡು-ಮೂರು ಭಾಷೆಯದು. ಲಗ್ನಪತ್ರಿಕೆ ಸೇಡಂ ಕಡೆಯ ಬೀಗರಿಗೆ ಕನ್ನಡದಲ್ಲಿ, ಇಲ್ಲಿಯವರಿಗೆ ತೆಲುಗಿನಲ್ಲಿ. ಮುಹೂರ್ತದ ಗಳಿಗೆ ಟೈಪ್ ಮಾಡುವವನಿಗೆ ಮೂಲೆಯಲ್ಲಿ ಷೇರುಪೇಟೆ, ಸಿನಿಮಾ ಸುದ್ದಿ ಯಾಕೆ ಬೇಕೋ!

ವಿಂಡೋಸ್ 11ರಲ್ಲಿ ಈ ವಿಜೆಟ್ಟನ್ನು ಬಂದ್ ಮಾಡಬಹುದು. ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ವಿಜೆಟ್ಸ್ ಆಫ್. ಒನ್‌ಡ್ರೈವ್ ಬ್ಯಾಕಪ್ಪಿಗೂ ಅದರದೇ ಸೆಟ್ಟಿಂಗ್ಸಿನಲ್ಲಿ ಬೀಗ ಹಾಕಬಹುದು. ಎಡ್ಜ್ ಬ್ರೌಸರನ್ನು ಮಾತ್ರ ನಮ್ಮಲ್ಲಿ ಸಲೀಸಾಗಿ ಕಿತ್ತು ಹಾಕಲಾಗದು. ಯುರೋಪಿನವರಿಗೆ 2024ರಿಂದ ಆ ಅವಕಾಶ ಸಿಕ್ಕಿದೆ, ಅಲ್ಲಿಯ ಕಾನೂನಿನ ದೆಸೆಯಿಂದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೇ ಯಂತ್ರಗಳಿಗೆ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದರೆ 4 ಜಿಬಿ ರ‍್ಯಾಮಿನಲ್ಲೂ ಓಡುತ್ತದೆ, ಕಗಪ ಕೀಲಿಮಣೆಯೂ ಅದರಲ್ಲೇ ಇದೆ. ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳ ಐಟಿ ಪಾಠ ಎಷ್ಟೋ ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆದಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ್ದೂ.

ಆದರೂ ಡಿಟಿಪಿಯವರಿಗೆ ಮಿಂಟ್ ಹಾಕಿಕೊಳ್ಳಿ ಎಂದು ನಾನು ಹೇಳಲಾರೆ. ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ ಫಾಂಟಿನ ಹಳೇ ಫೈಲುಗಳು ವಿಂಡೋಸ್ ಬಿಟ್ಟು ಕದಲುವುದಿಲ್ಲ. ಅವರು ಒಂದೊಂದೇ ಸ್ವಿಚ್ ಆಫ್ ಮಾಡುತ್ತ ಕೂರಬೇಕು, ದೊಡ್ಡ ಅಪ್‌ಡೇಟ್ ಆದಾಗೊಮ್ಮೆ ಮತ್ತೆ ನೋಡಬೇಕು. ಅರ್ಜಿ, ಯೂಟ್ಯೂಬು, ಮಕ್ಕಳ ರಿಸಲ್ಟು ನೋಡುವ ಮನೆ ಕಂಪ್ಯೂಟರಿಗೆ ಈ ಯಾವ ಕಟ್ಟೂ ಇಲ್ಲ, ಮಿಂಟ್ ಧಾರಾಳವಾಗಿ ಸಾಕು.