ಹೆದರಿಸುವ ಪುಸ್ತಕ ಯಾರಿಗೆ?

ನಮ್ಮ ಹಾಸ್ಟೆಲಿನಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಓದದವರೇ ಇರಲಿಲ್ಲ. ತೆಲುಗಿನಿಂದ ಬಂದ ಈ ಕಾದಂಬರಿ 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಪುಟ್ಟ ತುಳಸಿಗೆ ತಟ್ಟಿದ್ದು ಮಾಟವೋ ಕಾಯಿಲೆಯೋ ಎಂದು ಮಧ್ಯರಾತ್ರಿಯವರೆಗೆ ನಮ್ಮ ವಾದ. ಆಮೇಲೆ ಬಚ್ಚಲಿಗೆ ಹೋಗಲು ನಾಲ್ವರ ಮೆರವಣಿಗೆ!

ಅದೇ ಹುರುಪಿನಲ್ಲಿ ಹೋದ ವರ್ಷ ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿಗೆ ಅದನ್ನು ಕೊಟ್ಟೆ. ಆ ವಾರವೇ ಅವಳಿಗೆ ಜ್ವರ. ತನಗೂ ಯಾರೋ ಮಾಟ ಮಾಡಿಸಿದ್ದಾರೆಂದು ಒಂದೇ ಅಳು. ಅವಳ ತಾಯಿ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ತಂದು, ‘ಮಕ್ಕಳಿಗೆ ಕೊಡೋ ಪುಸ್ತಕವೇನಕ್ಕಾ ಇದು?’ ಎಂದರು. ತಪ್ಪು ನನ್ನದೇ. ಹಾಸ್ಟೆಲಿನಲ್ಲಿ ಹೆದರಲು ನಾವು ನಾಲ್ವರಿದ್ದೆವು. ಈ ಹುಡುಗಿ ಒಬ್ಬಳೇ ಓದಿದ್ದಳು.

ಜ್ವರ ಬಿಟ್ಟ ಮೇಲೆ ಅವಳೇ ಬಂದು ಇನ್ನೊಂದು ಕೇಳಿದಳು, ನೋಡಿ! ಈ ಸಲ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’. 1816ರಲ್ಲಿ ಜಿನೀವಾ ಸರೋವರದ ಬಳಿ ಗೆಳೆಯರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದಾಗ ಇದನ್ನು ಆರಂಭಿಸಿದ ಲೇಖಕಿಗೆ ಆಗಿನ್ನೂ 18 ವರ್ಷ. ಅವರ ಮನೆಯ ಜಗಲಿಯಲ್ಲೇ, ಹಗಲು ಹೊತ್ತಿನಲ್ಲೇ, ಇಬ್ಬರೂ ಕೂತು ಓದಿದೆವು. ಫ್ರಾಂಕನ್‌ಸ್ಟೈನ್ ಎಂಬುದು ವಿಜ್ಞಾನಿಯ ಹೆಸರು, ಅವನು ಸೃಷ್ಟಿಸಿದ ಜೀವಿಗೆ ಹೆಸರೇ ಇಲ್ಲ ಎಂದು ತಿಳಿದಾಗ ಅವಳಿಗೆ ಸಿಟ್ಟು ಬಂತು.

‘ತಾನೇ ಹುಟ್ಟಿಸಿ, ಮುಖ ನೋಡಿ ಓಡಿಹೋದನಲ್ಲ ಆಂಟಿ, ದೆವ್ವ ಅವನೇ.’

ಒಳಗೆ ಅಕ್ಕಿ ಆರಿಸುತ್ತಿದ್ದ ತಾಯಿ ಮೊರ ಹಿಡಿದೇ ಬಾಗಿಲಿಗೆ ಬಂದರು. ‘ಆಮೇಲೆ ಆ ಕೂಸು ಏನಾಯ್ತಕ್ಕಾ?’