ಮಳೆಗಾಲ ನೋಡದೆ ಕೊಂಡ ಮನೆ

ಬೆಂಗಳೂರು ಬಿಟ್ಟು ಮಲೆನಾಡಿನಲ್ಲಿ ನೆಲೆಸಬೇಕೆನ್ನುವವರು ಸಾಮಾನ್ಯವಾಗಿ ಊರು ನೋಡಲು ಹೋಗುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಮಳೆ ನಿಂತಿರುತ್ತದೆ. ಗದ್ದೆಯಲ್ಲಿ ಭತ್ತ ಹಣ್ಣಾಗಿರುತ್ತದೆ, ಅಂಗಳದಲ್ಲಿ ಅಡಿಕೆ ಹರವಿರುತ್ತಾರೆ, ಬೆಳಗಿನ ಮಂಜು ಕರಗಿ ಎಳೆಬಿಸಿಲು ಬೀಳುತ್ತದೆ. ಆ ಹವೆಗೆ ಮನಸೋಲದವರು ಕಡಿಮೆ. ನಾವೂ ಅದೇ ಕಾಲದಲ್ಲಿ ಹೋದೆವು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಿಂದ ಒಳಗೆ, ಒಂದು ಹಳೆಯ ಹಂಚಿನ ಮನೆ ನೋಡಿದೆವು. 2019ರ ಸಂಕ್ರಾಂತಿಯ ಹೊತ್ತಿಗೆ ಅದು ನಮ್ಮದಾಗಿತ್ತು. ಆ ವರ್ಷದ ಮಳೆಗಾಲ ಮುಗಿಯುವ ಮುಂಚೆಯೇ ಊರು ಬಿಟ್ಟೆವು.

ಇದನ್ನು ಈಗ ಬರೆಯಲು ಕಾರಣವಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಿ ರೂಢಿಯಾದವರು ಬೆಂಗಳೂರಿನಲ್ಲೇ ಏಕಿರಬೇಕು ಎಂದು ಕೇಳಿಕೊಳ್ಳುತ್ತಿದ್ದಾರೆ. ನನ್ನ ಜೊತೆ ಪಾಠ ಮಾಡಿದ ಗೆಳತಿಯರು, ನನ್ನ ಕೈಯಲ್ಲಿ ಓದಿದ ಮಕ್ಕಳು ಫೋನ್ ಮಾಡಿ, “ಮೇಡಂ, ನೀವು ಅಲ್ಲಿದ್ದಿರಲ್ಲ, ಹೇಗೆ?” ಎಂದು ವಿಚಾರಿಸುತ್ತಾರೆ. ಇಷ್ಟು ದಿನ ಅರ್ಧ ಹೇಳಿ ಅರ್ಧ ನುಂಗಿದ್ದೇನೆ. ನುಂಗಿದ ಅರ್ಧವೇ ಅವರಿಗೆ ಬೇಕಾದದ್ದು.

ನಾವು ಊರು ಬದಲಿಸಿದ್ದು ನಮ್ಮ ಯಜಮಾನರ ಉಸಿರಿಗಾಗಿ. ಅವರಿಗೆ ಅಸ್ತಮಾ. ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮನೆಯೂ ವಾಹನಗಳ ಸದ್ದಡಗದ ರಸ್ತೆಯ ಮೇಲೆ. ಬಸ್ಸಿನ ಹೊಗೆ, ಮೆಟ್ರೋ ಕಾಮಗಾರಿಯ ಧೂಳು, ಖಾಲಿ ಸೈಟುಗಳಲ್ಲಿ ಬೆಳೆದ ಕಾಂಗ್ರೆಸ್ ಗಿಡದ ಪರಾಗ ಎಂದು ಅವರ ಕೆಮ್ಮಿಗೆ ನಾನೇ ಕಾರಣಗಳನ್ನು ಪಟ್ಟಿ ಮಾಡಿದ್ದೆ. ಒಂದು ಕಾರಣವನ್ನೂ ಪರೀಕ್ಷಿಸಿ ನೋಡಿರಲಿಲ್ಲ. ಕಾಡು, ಹಸಿರು, ಶುದ್ಧ ಗಾಳಿ ಇದ್ದಲ್ಲಿ ಉಸಿರು ತಾನಾಗಿ ಸಲೀಸಾಗುತ್ತದೆ ಎಂದು ನಂಬಿದ್ದೆ. ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ. “ಒಂದು ಮಳೆಗಾಲ ಬಾಡಿಗೆಗಿದ್ದು ನೋಡೋಣ ಕಣೇ, ಆಮೇಲೆ ಕೊಳ್ಳೋಣ” ಎಂದಿದ್ದರು. ಅಂಥ ಮನೆ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂದು ಹಟ ಮಾಡಿದವಳು ನಾನು.

ಲೆಕ್ಕ ಹಾಕುವುದರಲ್ಲೂ ತಪ್ಪಿದ್ದೆವು. ಮಲೆನಾಡೆಂದರೆ ಎತ್ತರ, ಎತ್ತರವೆಂದರೆ ತಂಪು ಎಂಬುದು ನಮ್ಮ ತಲೆಯಲ್ಲಿತ್ತು. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ತೀರ್ಥಹಳ್ಳಿ ಇರುವುದು 600 ಮೀಟರಿನ ಆಸುಪಾಸಿನಲ್ಲಿ. ಆಗುಂಬೆ ಕೂಡ ಬೆಂಗಳೂರಿಗಿಂತ ತಗ್ಗಿನ ಜಾಗ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ ನಾನೇ ಆ ಲೆಕ್ಕವನ್ನು ನಮ್ಮ ಬದುಕಿಗೆ ಹಚ್ಚಿ ನೋಡಲಿಲ್ಲ. ಏಪ್ರಿಲ್ ತಿಂಗಳಲ್ಲಿ ಹಂಚಿನ ಕೆಳಗೆ ಬೆವರು ಹರಿಯತೊಡಗಿದಾಗ ಮೊದಲ ಬಾರಿಗೆ ಅನುಮಾನ ಬಂತು.

ಆ ಚಳಿಗಾಲ ಮತ್ತು ಬೇಸಿಗೆಯಲ್ಲಿ ಇನ್ನೊಂದು ವಿಷಯವೂ ಕಿವಿಗೆ ಬಿತ್ತು. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆಗೆ ಜನ ಸಾಯುತ್ತಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಕಾಡಿನ ಉಣುಗುಗಳಿಂದ ಹರಡುತ್ತದೆ, ಒಣ ತಿಂಗಳುಗಳಲ್ಲೇ ಹೆಚ್ಚು. ನಮಗೇನೂ ಆಗಲಿಲ್ಲ. ಆದರೆ ಹೊರಗಿನವರಾದ ನಮ್ಮ ಕಣ್ಣಿಗೆ ಬರೀ ಸೊಗಸಾಗಿ ಕಂಡ ತಿಂಗಳುಗಳಲ್ಲಿ ಅಲ್ಲಿಯವರು ದರಗು ತರಲು ಕಾಡಿಗೆ ಹೋಗಲೂ ಅಂಜುತ್ತಿದ್ದರು ಎಂಬುದು ನನಗೆ ತಿಳಿದದ್ದು ಆಗ.

ಇನ್ನು ಮನೆಯ ವಿಷಯ. ಜಂಬಿಟ್ಟಿಗೆಯ ಗೋಡೆ, ದಪ್ಪ ಮರದ ತೊಲೆಗಳು, ಅಟ್ಟ, ಹಿಂದೆ ಬಚ್ಚಲುಮನೆ, ಬಚ್ಚಲಲ್ಲಿ ತಾಮ್ರದ ಹಂಡೆ ಕೂರಿಸಿದ ಒಲೆ. ಅಡುಗೆಮನೆಯ ಗೋಡೆಗಳು ಹೊಗೆಯಿಂದ ಕಪ್ಪಾಗಿದ್ದವು. ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಲು ಬಿದಿರಿನ ಗಳಗಳು ಇದ್ದವು. ನಾವು ಅಡುಗೆಗೆ ಗ್ಯಾಸ್ ತಂದೆವು, ಬಚ್ಚಲಿಗೆ ಗೀಸರ್ ಹಾಕಿಸಿದೆವು, ಹೊಗೆಗೂಡಿನ ಬಾಯಿ ಮುಚ್ಚಿಸಿ ಗೋಡೆಗೆ ಬಿಳಿ ಬಣ್ಣ ಬಳಿಸಿದೆವು. ಪಡುವಣದ ಗಳಗಳನ್ನು ಕಿತ್ತು ಅಲ್ಲಿ ದೊಡ್ಡ ಕಿಟಕಿ ಇಡಿಸಿದೆವು, ಗುಡ್ಡ ಕಾಣಲೆಂದು. ಅಸ್ತಮಾ ಇರುವವರ ಮನೆಯಲ್ಲಿ ಹೊಗೆ ಇರಬಾರದೆಂಬುದು ಸರಿಯೇ. ಆದರೆ ಆ ಹೊಗೆ ಅಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು ನಾನು ಯಾರನ್ನೂ ಕೇಳಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ನೆರೆಮನೆಯ ಗೌಡರು ಬಂದು, “ಅಮ್ಮಾ, ಪಡುವಣ ಗೋಡೆಗೆ ತಟ್ಟಿ ಕಟ್ಟದೆ ಬಿಡಬೇಡಿ ಮಾರಾಯ್ರೇ. ಮಳೆ ಅಡ್ಡ ಹೊಡೆದ್ರೆ ಗೋಡೆ ನೀರು ಕುಡಿತದೆ” ಎಂದರು. ಗಾಜಿನ ಕಿಟಕಿ ಇದೆಯಲ್ಲ, ಪೇಂಟ್ ಹೊಡೆಸಿದ್ದೇವಲ್ಲ ಎಂದೆ. ಅವರು ಮುಂದೆ ಮಾತಾಡಲಿಲ್ಲ.

ಆ ವರ್ಷ ಮುಂಗಾರು ತಡವಾಗಿ ಬಂತು. ಬಂದ ಮೇಲೆ ಬಟ್ಟೆ ಒಣಗುವುದು ನಿಂತಿತು. ಆಮೇಲೆ ಹಪ್ಪಳ ಮೆತ್ತಗಾಯಿತು, ಉಪ್ಪಿನ ಭರಣಿಯಲ್ಲಿ ನೀರಾಡಿತು, ಬೀರುವಿನಲ್ಲಿದ್ದ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಿತು. ನನ್ನ ಪುಸ್ತಕಗಳ ರಟ್ಟಿನ ಮೇಲೆ ಬೂದುಬಣ್ಣದ ಪುಡಿ ಎದ್ದಿತು. ಇದನ್ನೆಲ್ಲ ಮಳೆಗಾಲದ ಸಹಜ ಸಂಗತಿ ಎಂದು ಒಪ್ಪಿಕೊಂಡಿದ್ದೆ. ಹತ್ತಿ ಹಾಸಿಗೆಯ ಕೆಳಗೆ ಕೈ ಇಟ್ಟ ದಿನ ಮಾತ್ರ ಎದೆ ಧಸಕ್ಕೆಂದಿತು: ಹಾಸಿಗೆ ತಣ್ಣಗೆ ತೇವವಾಗಿತ್ತು, ಪಡುವಣ ಗೋಡೆಯ ಬುಡದಿಂದ ಆಳೆತ್ತರದವರೆಗೆ ಕಪ್ಪು ಚುಕ್ಕೆಗಳು ಹಬ್ಬಿದ್ದವು. ಆ ಗೋಡೆಗೆ ತಲೆದಿಂಬು ಹಾಕಿ ಇವರು ಮಲಗುತ್ತಿದ್ದರು.

ಮಗನಿಗೆ ಹೇಳಿ ತೇವಾಂಶ ಅಳೆಯುವ ಮಾಪಕ ತರಿಸಿದೆ. ಮಲಗುವ ಕೋಣೆಯಲ್ಲಿ ಮುಳ್ಳು ಶೇಕಡಾ 90ರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ತೇವ ಹೀರುವ ಯಂತ್ರ ತರಿಸಿದೆವು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟಿಲ್ಲದ ಕಡೆ ಅದರಿಂದ ಪ್ರಯೋಜನವಾಗಲಿಲ್ಲ. ಆಗ ಗೌಡರ ಮನೆಗೆ ಹೋಗಿ ನೋಡಿದೆ. ಅವರ ಬಚ್ಚಲೊಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿತ್ತು, ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವಿದ್ದರು. ಹೊಗೆ ಅಟ್ಟಕ್ಕೇರಿ ತೊಲೆ, ಸೌದೆ, ಬೀಜದ ಬುಟ್ಟಿ ಎಲ್ಲವನ್ನೂ ಒಣಗಿಸುತ್ತಿತ್ತು. ಆ ಮನೆಯಲ್ಲಿ ಬೂಷ್ಟಿನ ವಾಸನೆಯೇ ಇರಲಿಲ್ಲ. ಮಲೆನಾಡಿನ ಮನೆ ಮಳೆಗಾಲವನ್ನು ದಾಟುವುದು ಬೆಂಕಿಯ ಬಲದಿಂದ, ಬೆಂಕಿ ಇದ್ದಲ್ಲಿ ಹೊಗೆ ಇದ್ದೇ ಇರುತ್ತದೆ. ಒಲೆ ಹಚ್ಚದಿದ್ದರೆ ಬೂಷ್ಟಿಗೆ ಇವರ ಉಸಿರು ಕಟ್ಟುತ್ತಿತ್ತು, ಹಚ್ಚಿದರೆ ಹೊಗೆಗೆ ಕಟ್ಟುತ್ತಿತ್ತು. ಅಂಥ ರೋಗಿಗೆ ಆ ಮನೆಯಲ್ಲಿ ಆ ತಿಂಗಳುಗಳಲ್ಲಿ ಜಾಗವೇ ಇರಲಿಲ್ಲ. ಇದು ಊರಿನ ದೋಷವಲ್ಲ. ಆ ಊರಿನವರು ತಲೆತಲಾಂತರದಿಂದ ಕಂಡುಕೊಂಡ ದಾರಿ ನಮ್ಮ ದೇಹಕ್ಕೆ ಹೊಂದುವಂಥದ್ದಾಗಿರಲಿಲ್ಲ, ಅಷ್ಟೆ.

ಜುಲೈನಲ್ಲೇ ಇವರು, “ಮಳೆ ಕಳೆಯೋವರೆಗೂ ಬೆಂಗಳೂರಲ್ಲಿ ಮಗನ ಹತ್ರ ಇದ್ದು ಬರೋಣವೇ?” ಎಂದು ಕೇಳಿದ್ದರು. ನಾನು ಒಪ್ಪಲಿಲ್ಲ. ಹೊಸ ಹವೆಗೆ ಮೈ ಒಗ್ಗಬೇಕು, ಸ್ವಲ್ಪ ತಡೆದುಕೊಳ್ಳಿ ಎಂದೆ. ಗೃಹಪ್ರವೇಶಕ್ಕೆ ಬಂದು “ಪುಣ್ಯವಂತರು ನೀವು” ಎಂದು ಹೋದ ನೆಂಟರ ಮುಂದೆ ಅಷ್ಟು ಬೇಗ ತಲೆ ತಗ್ಗಿಸುವುದು ನನ್ನಿಂದಾಗಲಿಲ್ಲ. ಊರು ಆರಿಸುವಾಗ ಎಡವಿದ್ದು ಅಜ್ಞಾನದಿಂದ. ಅವರು ರಾತ್ರಿಯೆಲ್ಲ ಎದ್ದು ಕೂರುವುದನ್ನು ಕಂಡ ಮೇಲೂ ಅಲ್ಲೇ ಇರಿಸಿಕೊಂಡದ್ದು ಅಜ್ಞಾನವಲ್ಲ. ಇಷ್ಟು ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಆಗಸ್ಟ್ ಬಂತು. ಬೆಳಗಾವಿಯಿಂದ ಕೊಡಗಿನವರೆಗೆ ನೆರೆ ಬಂದ ಆಗಸ್ಟ್ ಅದು. ಆಶ್ಲೇಷ ಮಳೆ ಜಡಿಯುತ್ತಿದ್ದ ಒಂದು ರಾತ್ರಿ ಇವರಿಗೆ ಉಸಿರು ಎಳೆಯಲಾಗಲಿಲ್ಲ. ನೆಬ್ಯುಲೈಜರ್ ಹಚ್ಚಲು ಕರೆಂಟಿಲ್ಲ, ಇನ್ವರ್ಟರ್ ಸಂಜೆಯೇ ಬರಿದಾಗಿತ್ತು, ಫೋನಿಗೆ ಸಿಗ್ನಲ್ ಇಲ್ಲ. ಟಾರ್ಚ್ ಹಿಡಿದು ಗೌಡರ ಮನೆಗೆ ಓಡಿದೆ. ಗೌಡರೂ ಅವರ ಇಬ್ಬರು ಗಂಡುಮಕ್ಕಳೂ ಜೀಪು ತೆಗೆದರು. ದಾರಿಗೆ ಅಡ್ಡ ಬಿದ್ದ ಮರವನ್ನು ಮಳೆಯಲ್ಲೇ ಕೊಯ್ದು ಸರಿಸಿದರು. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿ, ಬೆಳಗಾದ ಮೇಲೆ ಶಿವಮೊಗ್ಗಕ್ಕೆ ಕಳಿಸಿದರು. ಇವರು ಉಳಿದದ್ದು ಆ ಮೂವರಿಂದ. ಅವರ ಋಣ ನನ್ನ ಮೇಲಿದೆ.

ಶಿವಮೊಗ್ಗದ ಶ್ವಾಸಕೋಶ ತಜ್ಞರು ಎಲ್ಲ ಕೇಳಿಕೊಂಡು, ಇವರು ಚೇತರಿಸಿಕೊಂಡ ಮೇಲೆ ಅಲರ್ಜಿಯ ಚರ್ಮ ಪರೀಕ್ಷೆ ಮಾಡಿಸಿದರು. ಮುಂಗೈ ಮೇಲೆ ಬೇರೆ ಬೇರೆ ದ್ರವಗಳ ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚುತ್ತಾರೆ, ಒಗ್ಗದ ವಸ್ತು ಇದ್ದ ಕಡೆ ಇಪ್ಪತ್ತು ನಿಮಿಷದೊಳಗೆ ದದ್ದು ಏಳುತ್ತದೆ. ಕಾಂಗ್ರೆಸ್ ಗಿಡದ ಪರಾಗಕ್ಕೆ ಏನೂ ಆಗಲಿಲ್ಲ. ಧೂಳುನುಸಿಗೂ ಬೂಷ್ಟಿಗೂ ಚರ್ಮ ಉಬ್ಬಿತು. ಧೂಳುನುಸಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಹಾಸಿಗೆ ದಿಂಬುಗಳಲ್ಲಿ ನೆಲೆಸಿ ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ತೇವಾಂಶ ಬಹುದಿನ ಶೇಕಡಾ 50ಕ್ಕಿಂತ ಕೆಳಗಿದ್ದರೆ ಸಾಯುತ್ತದೆ. ನಾವು ಅದರ ತವರಿಗೇ ಹೋಗಿ ಮನೆ ಮಾಡಿದ್ದೆವು. ಈ ಪರೀಕ್ಷೆ ಬೆಂಗಳೂರಿನಲ್ಲಿ ಎಂದೋ ಆಗಬಹುದಿತ್ತು.

ಆ ತಜ್ಞರು ಇನ್ನೊಂದು ಮಾತೂ ಹೇಳಿದರು, ಅಸ್ತಮಾ ಇರುವ ಎಲ್ಲರಿಗೂ ಗೊತ್ತಿರಬೇಕಾದದ್ದು. ಇನ್ಹೇಲರ್ ಪಂಪಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿ ಸರಿಯಾಗಿ ಎಳೆದುಕೊಂಡರೆ ಎಷ್ಟೋ ಸಲ ಅದು ನೆಬ್ಯುಲೈಜರಿನಷ್ಟೇ ಕೆಲಸ ಮಾಡುತ್ತದೆ, ಅದಕ್ಕೆ ಕರೆಂಟು ಬೇಡ. ನಮ್ಮ ಮನೆಯಲ್ಲಿ ಅಂದು ಸ್ಪೇಸರ್ ಇರಲಿಲ್ಲ.

ಮಳೆಯ ಅಂಕಿ ನಾನು ನೋಡಿದ್ದು ಆಮೇಲೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಶಿವಮೊಗ್ಗ ಪೇಟೆಯದೂ ಅದರ ಆಸುಪಾಸಿನಲ್ಲೇ. ಅಲ್ಲಿಂದ ಪಡುವಣಕ್ಕೆ 60 ಕಿಲೋಮೀಟರ್ ದೂರದ ತೀರ್ಥಹಳ್ಳಿಯಲ್ಲಿ ಅದರ ಮೂರರಷ್ಟು ಸುರಿಯುತ್ತದೆ. ಇನ್ನೂ 30 ಕಿಲೋಮೀಟರ್ ಮುಂದಿನ ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಅರಬ್ಬಿ ಸಮುದ್ರದಿಂದ ಬಂದ ಮೋಡಗಳು ಘಟ್ಟಕ್ಕೆ ತಾಗಿ ಅಲ್ಲೇ ಬರಿದಾಗುತ್ತ ಮೂಡಣಕ್ಕೆ ಸರಿಯುವುದರಿಂದ ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ. ಒಂದು ಹೋಬಳಿ ದಾಟಿದರೆ ಹವೆಯೇ ಬೇರೆ. ‘ಮಲೆನಾಡು’ ಎಂದು ಇಡೀ ಸೀಮೆಯನ್ನು ಒಂದಾಗಿ ನೋಡಿ ಮನೆ ಕೊಳ್ಳಲಾಗದು.

ಮನೆ ಮಾರಲು ಬಹಳ ತಿಂಗಳು ಹಿಡಿಯಿತು. ಕೊಟ್ಟ ಹಣ ಪೂರ್ತಿ ಬರಲಿಲ್ಲ. ಕೊಂಡವರು ಪಕ್ಕದ ಊರಿನವರೇ. ಮೊದಲು ಮಾಡಿದ ಕೆಲಸ ದೊಡ್ಡ ಕಿಟಕಿ ಮುಚ್ಚಿ ತಟ್ಟಿ ಕಟ್ಟಿದ್ದು, ಬಚ್ಚಲೊಲೆ ಹೊತ್ತಿಸಿದ್ದು. ಗೋಡೆ ಈಗ ಒಣಗಿದೆ ಎಂದು ಗೌಡರು ಹೇಳಿದರು.

ನಾವು ಮೈಸೂರಿಗೆ ಬಂದೆವು. ಇಲ್ಲಿಯ ಮಳೆ ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸು. ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೊಮ್ಮೆ ಜೋರು. ಹೆಚ್ಚಾಗಿ ಸಂಜೆ ಗುಡುಗಿ ಸುರಿಯುತ್ತದೆ, ಮರುದಿನ ಹಾಸಿಗೆಗೆ ಬಿಸಿಲು ಸಿಗುತ್ತದೆ. ಈ ಸಲ ಇವರ ಮಾತೇ ನಡೆಯಿತು: ವರ್ಷವಿಡೀ ಬಾಡಿಗೆಗಿದ್ದು, ಎಲ್ಲ ಋತುಗಳನ್ನೂ ನೋಡಿ, ಆಮೇಲೆ ಮನೆ ಕೊಂಡದ್ದು. ದಿಂಬು ಹಾಸಿಗೆಗಳಿಗೆ ನುಸಿ ತಡೆಯುವ ಕವರ್ ಹಾಕಿದ್ದೇವೆ, ಹೊದಿಕೆಗಳನ್ನು ವಾರವಾರ ಬಿಸಿನೀರಿನಲ್ಲಿ ಒಗೆಯುತ್ತೇನೆ. ಅಸ್ತಮಾ ಹೋಗಿಲ್ಲ, ಹತೋಟಿಯಲ್ಲಿದೆ. ಮಲೆನಾಡಿಗೆ ಈಗಲೂ ಹೋಗುತ್ತೇವೆ, ಫೆಬ್ರವರಿಯಲ್ಲಿ, ಗೌಡರ ಮನೆಯ ನೆಂಟರಾಗಿ.

ಊರು ಬಿಡುವ ಯೋಚನೆಯಲ್ಲಿರುವವರಲ್ಲಿ ನನ್ನ ಬೇಡಿಕೆ ಇಷ್ಟು. ಉಸಿರಿನ ತೊಂದರೆ ಇದ್ದವರು ಮನೆಯಲ್ಲಿದ್ದರೆ ಮುಂಗಡ ಕೊಡುವ ಮುಂಚೆ ಅಲರ್ಜಿ ಪರೀಕ್ಷೆ ಮಾಡಿಸಿ. ಆರಿಸಿದ ಊರಿನಲ್ಲಿ ಜುಲೈ, ಆಗಸ್ಟ್ ಎರಡೂ ತಿಂಗಳು ಬಾಡಿಗೆಗಿರಿ, ಅಲ್ಲಿಯವರು ಗೋಡೆಗೆ ಏನು ಕಟ್ಟುತ್ತಾರೆ, ಬಟ್ಟೆ ಎಲ್ಲಿ ಒಣಗಿಸುತ್ತಾರೆ, ರಾತ್ರಿ ಕಾಯಿಲೆ ಬಿದ್ದರೆ ಯಾರ ವಾಹನದಲ್ಲಿ ಹೋಗುತ್ತಾರೆ ಎಂದು ಕೇಳಿ. ಯಾರ ಆರೋಗ್ಯಕ್ಕಾಗಿ ಹೊರಟಿದ್ದೀರೋ ಅವರು “ಬೇಡ, ಸ್ವಲ್ಪ ತಡೆಯೋಣ” ಎಂದರೆ ದಯವಿಟ್ಟು ತಡೆಯಿರಿ.